ಬೆಂಗಳೂರಲ್ಲಿ ಉಳಿಸಿದ ಎರಡು ಬಕೆಟ್ ನೀರು ಕೋಲಾರದ ಬೋರಿಗೆ ಹೋಗುತ್ತಾ?

ಪ್ರಶ್ನೆ: ನಮ್ಮೂರು ಕೋಲಾರದ ಕಡೆ. ನಾನು ಬೆಂಗಳೂರಲ್ಲಿ ಅಪಾರ್ಟ್‌ಮೆಂಟಿನಲ್ಲಿದ್ದೇನೆ. ಇಲ್ಲಿ ಲಿಫ್ಟಿನ ಪಕ್ಕ ‘ಜಗತ್ತಿನಲ್ಲಿ ಸಿಹಿನೀರು ಮುಗಿಯುತ್ತಿದೆ, ನೀರು ಉಳಿಸಿ’ ಅಂತ ಬೋರ್ಡ್ ಹಾಕಿದ್ದಾರೆ. ಶಾಲೆಯಲ್ಲಿ ಕಲಿತದ್ದು ಬೇರೆ. ನೀರು ಆವಿಯಾಗುತ್ತದೆ, ಮೋಡವಾಗುತ್ತದೆ, ಮಳೆಯಾಗಿ ವಾಪಸ್ ಬರುತ್ತದೆ, ಭೂಮಿಯ ನೀರು ಕಮ್ಮಿಯಾಗುವುದೇ ಇಲ್ಲ ಅಂತ. ಹಾಗಿದ್ದರೆ ಮುಗಿಯುತ್ತಿರುವುದು ಏನು? ಊರಲ್ಲಿ ಅಣ್ಣ ಟೊಮೆಟೊ ಬೆಳೆಯುತ್ತಾನೆ. ಹೋದ ವರ್ಷ 1,300 ಅಡಿ ಕೊರೆಸಿದ ಬೋರು ಆರು ತಿಂಗಳಲ್ಲಿ ನಿಂತುಹೋಯಿತು. ಈಗ ಮತ್ತೊಂದು ಕೊರೆಸಬೇಕು ಅಂತಿದ್ದಾನೆ. ನಾನಿಲ್ಲಿ ದಿನಾ ಎರಡು ಬಕೆಟ್ ಉಳಿಸಿದರೆ ಅವನ ಬೋರಿಗೆ ನೀರು ಬರುತ್ತಾ? ಸುಮ್ನೆ ಕೇಳುತ್ತಿಲ್ಲ, ನಿಜವಾಗಿ ತಿಳಿದುಕೊಳ್ಳಬೇಕು.

ಉತ್ತರ: ಬರುವುದಿಲ್ಲ. ನೀವು ಉಳಿಸಿದ ಎರಡು ಬಕೆಟ್ ನಿಮ್ಮಣ್ಣನ ಹೊಲದ ತನಕ ಹೋಗುವ ದಾರಿಯೇ ಇಲ್ಲ. ತಮಾಷೆ ಏನೆಂದರೆ, ನೀವು ಸುರಿದುಕೊಂಡ ಎರಡು ಬಕೆಟ್ ಬೇಕಾದರೆ ಹೋಗಬಹುದು! ಅದು ಹೇಗೆ ಅಂತ ಆಮೇಲೆ ಹೇಳುತ್ತೇನೆ. ಮೊದಲು ನಿಮ್ಮ ಶಾಲೆಯ ಪಾಠಕ್ಕೆ ಬರೋಣ.

ಆ ಪಾಠ ತಪ್ಪಲ್ಲ. ಭೂಮಿಯ ಒಟ್ಟು ನೀರು ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ. ಅದರಲ್ಲಿ ಶೇ 97.5ರಷ್ಟು ಉಪ್ಪುನೀರು. ಉಳಿದ ಶೇ 2.5 ಸಿಹಿನೀರು. ಆ ಸಿಹಿನೀರಲ್ಲೂ ಮೂರರಲ್ಲಿ ಎರಡು ಪಾಲಿಗಿಂತ ಜಾಸ್ತಿ ಹಿಮ, ಮಂಜುಗಡ್ಡೆಯಾಗಿ ಕೂತಿದೆ. ಸುಮಾರು ಶೇ 30ರಷ್ಟು ನೆಲದೊಳಗಿದೆ. ನಾವು ಕಣ್ಣಲ್ಲಿ ನೋಡುವ ನದಿ, ಕೆರೆ, ಸರೋವರಗಳೆಲ್ಲ ಸೇರಿ ಸಿಹಿನೀರಿನ ಶೇ 1ರಷ್ಟೂ ಇಲ್ಲ. ಇಷ್ಟನ್ನು ಎಲ್ಲ ಪುಸ್ತಕಗಳೂ ಹೇಳುತ್ತವೆ. ಹೇಳದೇ ಬಿಡುವುದು ಒಂದಿದೆ. ಮೇಲೆ ಹೋದ ನೀರು ವಾಪಸ್ ಬರುತ್ತದೆ, ಸರಿ. ಎಲ್ಲಿಗೆ ಬರುತ್ತದೆ? ಯಾವಾಗ ಬರುತ್ತದೆ? ಕೋಲಾರದ ಹೊಲದಿಂದ ಆವಿಯಾದ ನೀರು ಕೋಲಾರದಲ್ಲೇ ಸುರಿಯಬೇಕು ಅಂತ ಯಾವ ಕಾನೂನೂ ಇಲ್ಲ. ಬಂಗಾಳಕೊಲ್ಲಿಯ ಮೇಲೆ ಸುರಿದರೂ ಜಲಚಕ್ರದ ಲೆಕ್ಕ ಸರಿಹೋಗುತ್ತದೆ. ನಿಮ್ಮಣ್ಣನ ಲೆಕ್ಕ ಸರಿಹೋಗುವುದಿಲ್ಲ ಅಷ್ಟೇ.

ಹೊತ್ತಿನ ವಿಚಾರ ಇನ್ನೂ ಮುಖ್ಯ. ಹೊಳೆಯಲ್ಲಿ ಹರಿಯುವ ನೀರು ಕೆಲವು ವಾರಗಳಲ್ಲಿ ಬದಲಾಗುತ್ತದೆ. ತುಂಬ ಆಳದ ನೀರು ಅಲ್ಲಿಗೆ ಇಳಿದು ನೂರಾರು ವರ್ಷವಾಗಿರಬಹುದು, ಕೆಲವು ಕಡೆ ಸಾವಿರಾರು ವರ್ಷ. ಮಳೆ ಅನ್ನುವುದು ತಿಂಗಳ ಸಂಬಳ. ಆಳದ ನೀರು ತಾತ ಮುತ್ತಾತಂದಿರು ಕೂಡಿಟ್ಟ ಗಂಟು. ಸಂಬಳದಲ್ಲಿ ಬದುಕುವವನಿಗೆ ಒಂದು ವರ್ಷ ಬರ ಬಂದರೆ ಕಷ್ಟ, ಮುಂದಿನ ವರ್ಷ ಸುಧಾರಿಸಿಕೊಳ್ಳುತ್ತಾನೆ. ಗಂಟು ಕರಗಿಸಿ ಬದುಕುವವನಿಗೆ ಬರದ ವರ್ಷವೂ ಬರ ಅಂತ ಗೊತ್ತಾಗುವುದಿಲ್ಲ. ಒಂದು ದಿನ ಪೂರ್ತಿ ಗೊತ್ತಾಗುತ್ತದೆ.

ಜಗತ್ತಿನಲ್ಲಿ ಮುಗಿಯುತ್ತಿರುವುದು ಹೆಚ್ಚಾಗಿ ಈ ಗಂಟು. ಇದನ್ನು ಆಕಾಶದಿಂದಲೇ ಅಳೆದಿದ್ದಾರೆ. 2002ರಲ್ಲಿ ಗ್ರೇಸ್ ಅನ್ನುವ ಜೋಡಿ ಉಪಗ್ರಹಗಳನ್ನು ಹಾರಿಸಿದರು. ಒಂದರ ಹಿಂದೆ ಒಂದು ಸುತ್ತುವ ಇವು ಭೂಮಿಯ ಸೆಳೆತ ಎಲ್ಲಿ ಹೆಚ್ಚು, ಎಲ್ಲಿ ಕಮ್ಮಿ ಅಂತ ನೋಡುತ್ತವೆ. ನೆಲದೊಳಗಿನ ನೀರು ಖಾಲಿಯಾದರೆ ಆ ಜಾಗದ ತೂಕ ಇಳಿಯುತ್ತದೆ, ಸೆಳೆತವೂ ಒಂದು ಕೂದಲೆಳೆಯಷ್ಟು ಇಳಿಯುತ್ತದೆ. 2009ರಲ್ಲಿ ಬಂದ ಲೆಕ್ಕ ನಮ್ಮ ದೇಶದ್ದೇ. ಪಂಜಾಬ್, ಹರಿಯಾಣ, ರಾಜಸ್ಥಾನ, ದೆಹಲಿ ಸೇರಿದ ಪ್ರದೇಶ 2002ರಿಂದ 2008ರ ನಡುವೆ 109 ಘನ ಕಿಲೋಮೀಟರ್ ಅಂತರ್ಜಲ ಕಳೆದುಕೊಂಡಿತ್ತು. ಆ ವರ್ಷಗಳಲ್ಲಿ ಅಲ್ಲಿ ಹೇಳಿಕೊಳ್ಳುವಂಥ ಬರವೇನೂ ಇರಲಿಲ್ಲ. ಮಳೆ ಬಂದಿತ್ತು. ಪಂಪು ಮಳೆಯನ್ನು ಮೀರಿಸಿತ್ತು.

ಜಗತ್ತಿನಲ್ಲಿ ಅತಿ ಹೆಚ್ಚು ಅಂತರ್ಜಲ ಎತ್ತುವ ದೇಶ ನಮ್ಮದು. ಅಮೆರಿಕ, ಚೀನಾ ಎರಡೂ ಸೇರಿ ಎತ್ತುವುದಕ್ಕಿಂತ ನಾವೊಬ್ಬರೇ ಜಾಸ್ತಿ ಎತ್ತುತ್ತೇವೆ. ಹಾಗಂತ ಬೇರೆಯವರು ಸಾಚಾ ಅಲ್ಲ. ಸೌದಿ ಅರೇಬಿಯಾ ಮರಳುಗಾಡಿನ ಕೆಳಗಿದ್ದ ಹಳೇ ನೀರನ್ನು ಎತ್ತಿ ಗೋಧಿ ಬೆಳೆಯಿತು. 1990ರ ದಶಕದ ಶುರುವಿನಲ್ಲಿ ಗೋಧಿ ರಫ್ತು ಮಾಡುವ ದೊಡ್ಡ ದೇಶಗಳ ಸಾಲಿನಲ್ಲಿ ನಿಂತಿತ್ತು. ಈ ಆಟ ನಡೆಯುವುದಿಲ್ಲ ಅಂತ ಆಮೇಲೆ ಅವರಿಗೇ ಗೊತ್ತಾಯಿತು. ಸರ್ಕಾರ ಗೋಧಿ ಖರೀದಿಯನ್ನು ವರ್ಷವರ್ಷ ಇಳಿಸುತ್ತಾ ಬಂದು 2016ರ ಹೊತ್ತಿಗೆ ನಿಲ್ಲಿಸಿತು. ಮಧ್ಯ ಏಷ್ಯಾದ ಅರಲ್ ಸಮುದ್ರದ ಕಥೆ ಅಂತರ್ಜಲದ್ದಲ್ಲ, ನದಿಯದ್ದು. ಸೋವಿಯತ್ ಕಾಲದಲ್ಲಿ ಅಮು ದರಿಯಾ, ಸಿರ್ ದರಿಯಾ ಎರಡೂ ನದಿಗಳನ್ನು ಹತ್ತಿ ಹೊಲಕ್ಕೆ ತಿರುಗಿಸಿದರು. ಒಂದು ಕಾಲಕ್ಕೆ ಜಗತ್ತಿನ ನಾಲ್ಕನೇ ದೊಡ್ಡ ಸರೋವರ ಅನಿಸಿಕೊಂಡದ್ದು ಹತ್ತರಲ್ಲೊಂದು ಪಾಲಿಗೆ ಇಳಿಯಿತು. ಮೀನುಗಾರರ ದೋಣಿಗಳು ಮರಳಲ್ಲಿ ನಿಂತಿರುವ ಚಿತ್ರ ನೀವೂ ನೋಡಿರುತ್ತೀರಿ.

ಈಗ ನಿಮ್ಮ ಬಕೆಟಿಗೂ ಅಣ್ಣನ ಬೋರಿಗೂ ಇರುವ ವ್ಯತ್ಯಾಸ ನೋಡೋಣ. ನನ್ನ ಪ್ರಕಾರ ಇಡೀ ವಿಷಯದ ಬೇರು ಇಲ್ಲಿದೆ. ಆದರೂ ಬೋರ್ಡ್ ಬರೆಸುವವರು ಇದನ್ನು ಹೇಳುವುದೇ ಇಲ್ಲ.

ಮನೆಯಲ್ಲಿ ನೀರು ಬಳಸುತ್ತೇವೆ ಅಂದರೆ ಬಹುಪಾಲು ಅದನ್ನು ಕೊಳೆ ಮಾಡುತ್ತೇವೆ ಅಂತ ಅರ್ಥ. ಸ್ನಾನ, ಪಾತ್ರೆ, ಬಟ್ಟೆ, ಶೌಚ ಎಲ್ಲ ಮುಗಿದ ಮೇಲೂ ನೂರು ಲೀಟರಿನಲ್ಲಿ ಸುಮಾರು ಎಂಬತ್ತು ಲೀಟರ್ ಚರಂಡಿಗೆ ಬರುತ್ತದೆ. ಕೊಳಕಾಗಿದೆ, ಆದರೆ ಇದೆ. ತೊಳೆದರೆ ಮತ್ತೆ ಬಳಸಬಹುದು. ಬೆಳೆಗೆ ಕೊಟ್ಟ ನೀರು ಹಾಗಲ್ಲ. ಬೇರು ಹೀರಿಕೊಂಡು ಎಲೆಯಿಂದ ಗಾಳಿಗೆ ಬಿಡುತ್ತದೆ. ಆ ಊರಿನ ಮಟ್ಟಿಗೆ ಅದು ಹೋದ ಹಾಗೆಯೇ. ಜಗತ್ತಿನಲ್ಲಿ ಮನುಷ್ಯರು ನದಿ, ಕೆರೆ, ನೆಲದಿಂದ ತೆಗೆಯುವ ಸಿಹಿನೀರಲ್ಲಿ ಸುಮಾರು ಶೇ 70 ಬೇಸಾಯಕ್ಕೆ ಹೋಗುತ್ತದೆ. ನಮ್ಮ ದೇಶದಲ್ಲಿ ಶೇ 80ಕ್ಕೂ ಜಾಸ್ತಿ. ಅದರಲ್ಲಿ ವಾಪಸ್ ಬರುವುದು ಕಮ್ಮಿ. ಹಾಗಾಗಿ ‘ಯಾರು ಎಷ್ಟು ನೀರು ತೆಗೆದರು’ ಅನ್ನುವುದಕ್ಕಿಂತ ‘ಎಷ್ಟು ವಾಪಸ್ ಬಿಟ್ಟರು’ ಅಂತ ಕೇಳುವುದೇ ಸರಿ.

ಕೋಲಾರದ ಒಂದು ಎಕರೆ ತೆಗೆದುಕೊಳ್ಳಿ. ಅಲ್ಲಿ ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆ ಅಂತ ಇಟ್ಟುಕೊಳ್ಳೋಣ. ಅಷ್ಟೂ ಇಂಗುವುದಿಲ್ಲ. ಬಹುಪಾಲು ಆವಿಯಾಗುತ್ತದೆ, ಒಂದಷ್ಟು ಹರಿದುಹೋಗುತ್ತದೆ. ನಮ್ಮ ಕಲ್ಲುನೆಲದಲ್ಲಿ ಹತ್ತರಲ್ಲಿ ಒಂದು ಪಾಲು ಕೆಳಕ್ಕೆ ಇಳಿದರೆ ದೊಡ್ಡದು. ಅಂದರೆ 70 ಮಿಲಿಮೀಟರ್. ಒಂದು ಎಕರೆಗೆ ಅದು ಸುಮಾರು 2.8 ಲಕ್ಷ ಲೀಟರ್ ಆಯಿತು. ಇದು ಆ ಎಕರೆಯ ವರ್ಷದ ಆದಾಯ. ಈಗ ಅದೇ ಎಕರೆಯಲ್ಲಿ ಟೊಮೆಟೊ ಇಡಿ. ಬೇಸಿಗೆ ಬೆಳೆಗೆ 500 ಮಿಲಿಮೀಟರ್ ನೀರು ಬೇಕು ಅಂತ ಹಿಡಿದರೂ 20 ಲಕ್ಷ ಲೀಟರ್. ಒಂದು ಎಕರೆ ಟೊಮೆಟೊ ಏಳು ಎಕರೆ ನೆಲ ಇಂಗಿಸಿಕೊಂಡ ನೀರನ್ನು ಕುಡಿಯುತ್ತದೆ. ಅದೂ ಒಂದೇ ಬೆಳೆಗೆ. ಊರಲ್ಲಿ ಏಳು ಎಕರೆಗೆ ಒಂದು ಎಕರೆ ಮಾತ್ರ ಬೋರ್ ಬೆಳೆ ಇದ್ದು, ಉಳಿದದ್ದು ಮಳೆ ನಂಬಿದ ರಾಗಿ, ಅವರೆ ಆಗಿದ್ದರೆ ಲೆಕ್ಕ ಹೇಗೋ ಸರಿಹೋಗುತ್ತದೆ. ನಿಮ್ಮೂರಲ್ಲಿ ಹಾಗಿದೆಯಾ? ಅಣ್ಣನನ್ನೇ ಕೇಳಿ.

ಇದೇ ಲೆಕ್ಕವನ್ನು ನಿಮ್ಮ ಮನೆಗೆ ಹಿಡಿಯಿರಿ. ನಗರದಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಅನ್ನುವುದು ಸರ್ಕಾರದ ಅಳತೆ. ನಾಲ್ಕು ಜನರ ಮನೆಗೆ ವರ್ಷಕ್ಕೆ ಸುಮಾರು 2 ಲಕ್ಷ ಲೀಟರ್. ಹತ್ತು ಮನೆಯವರು ವರ್ಷವಿಡೀ ಕುಡಿದು, ಮಿಂದು, ಒಗೆದು ಮಾಡುವ ನೀರು ಒಂದು ಎಕರೆ ಟೊಮೆಟೊಗೆ ಸಮ. ನಲ್ಲಿ ಬಿಟ್ಟು ಹಲ್ಲುಜ್ಜುವ ಮಕ್ಕಳಿಗೆ ನಾವು ಬೈಯುವ ಬೈಗುಳದಲ್ಲಿ ಒಂದು ಪಾಲನ್ನಾದರೂ ಬೆಳೆ ನೀತಿಗೆ ಎತ್ತಿಡಬೇಕು ಅಂತ ನನಗೆ ಅನಿಸುವುದು ಇದಕ್ಕೇ.

ರೈತನದ್ದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಕೋಲಾರದಲ್ಲಿ ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ಹಿಂದಿನವರು ಕೆರೆ ಕಟ್ಟಿ ಬದುಕಿದರು. ಒಂದರ ಕೋಡಿ ಇನ್ನೊಂದಕ್ಕೆ ಬೀಳುವ ಹಾಗೆ ಸಾಲು ಸಾಲು ಕೆರೆ, ತೂಬು ನೋಡಿಕೊಳ್ಳಲು ನೀರುಗಂಟಿ. ಕೆರೆ ತುಂಬಿದರೆ ಅಚ್ಚುಕಟ್ಟಿನ ಬಾವಿಗಳಲ್ಲೂ ನೀರು. ಆ ತೆರೆದ ಬಾವಿಗಳು ಮೂವತ್ತು, ನಲವತ್ತು ಅಡಿ ಇರುತ್ತಿದ್ದವು. ಯಾಕೆ ಅಷ್ಟೇ ಅಂದರೆ, ನಮ್ಮ ಗ್ರಾನೈಟ್ ನೆಲದಲ್ಲಿ ಮೇಲಿನ ಪದರ ಮಾತ್ರ ಶಿಥಿಲವಾಗಿ ಪುಡಿಪುಡಿಯಾಗಿರುತ್ತದೆ. ನೀರು ನಿಲ್ಲುವುದು ಮುಖ್ಯವಾಗಿ ಅಲ್ಲೇ. ಅದರ ಕೆಳಗೆ ಗಟ್ಟಿ ಬಂಡೆ, ಅಲ್ಲಲ್ಲಿ ಬಿರುಕು. ಪಂಜಾಬಿನ ಮೆಕ್ಕಲು ನೆಲದಲ್ಲಿ ನೂರು ಲೀಟರ್ ಗಾತ್ರದ ಮಣ್ಣು ಹತ್ತು, ಹದಿನೈದು ಲೀಟರ್ ನೀರು ಬಿಟ್ಟುಕೊಡುತ್ತದೆ. ನಮ್ಮ ಶಿಥಿಲ ಕಲ್ಲಿನಲ್ಲಿ ಒಂದೆರಡು ಲೀಟರ್. ಕೆಳಗಿನ ಬಂಡೆಯಲ್ಲಿ ಅದಕ್ಕಿಂತಲೂ ಕಮ್ಮಿ.

ಹಾಗಾದರೆ 1,300 ಅಡಿಯಲ್ಲಿ ಏನಿದೆ? ಪಾತಾಳಗಂಗೆ ಹರಿಯುತ್ತಿದೆ ಅಂತ ಬೋರ್ ಕೊರೆಯುವ ಜಾಗದ ಪಾಯಿಂಟ್ ತೋರಿಸುವವರು ಹೇಳುತ್ತಾರೆ. ಅಂಥದ್ದು ನಮ್ಮ ಬಂಡೆಯಲ್ಲಿ ಇಲ್ಲ. ಮೇಲಿನ ಪದರದಿಂದಲೇ ಬಿರುಕಿನ ಹಾದಿ ಹಿಡಿದು ನಿಧಾನಕ್ಕೆ ಇಳಿದ ನೀರು ಅದು. ಮೇಲಿನ ಪದರ ಒಣಗಿದ ಮೇಲೆ ಕೆಳಗಿನ ಬಿರುಕಿಗೆ ನೀರು ಕೊಡುವವರು ಯಾರು? ಅದಕ್ಕೇ ಕೊರೆದ ದಿನ ಎರಡು ಇಂಚು ನೀರು ಚಿಮ್ಮುತ್ತದೆ, ಊರವರೆಲ್ಲ ತೆಂಗಿನಕಾಯಿ ಒಡೆಯುತ್ತಾರೆ, ಆರು ತಿಂಗಳಿಗೆ ಮೋಟರ್ ಗಾಳಿ ಎಳೆಯುತ್ತದೆ. ಅಣ್ಣನ ಬೋರಿಗೆ ಆದದ್ದು ಇದೇ ಇರಬೇಕು. ಇನ್ನೂ ಆಳಕ್ಕೆ ಹೋದರೆ ಹೊಸ ನೀರು ಸಿಗುತ್ತದೆ ಅಂತ ಅಂದುಕೊಳ್ಳಬಾರದು. ಅದೇ ನೀರಿನ ತಳ ಕೆರೆಯುತ್ತಿದ್ದೇವೆ ಅಷ್ಟೇ. ಬಂಡೆಯ ಜೊತೆ ವರ್ಷಗಟ್ಟಲೆ ಇದ್ದ ಆ ನೀರಲ್ಲಿ ಫ್ಲೋರೈಡೂ ಜಾಸ್ತಿ ಕರಗಿರುತ್ತದೆ.

ಇಂಥ ನೆಲಕ್ಕೆ ಒಂದು ಒಳ್ಳೇ ಗುಣವೂ ಇದೆ. ಹಿಡಿಯುವುದು ಕಮ್ಮಿ ಆದ್ದರಿಂದ ಬೇಗ ಖಾಲಿಯಾಗುತ್ತದೆ, ಬೇಗ ತುಂಬುತ್ತದೆ. 70 ಮಿಲಿಮೀಟರ್ ನೀರು ಇಂಗಿದರೆ ಶೇ 2 ಹಿಡಿಯುವ ನೆಲದಲ್ಲಿ ಮಟ್ಟ ಮೂರೂವರೆ ಮೀಟರ್ ಏರುತ್ತದೆ. 2021ರ ನವೆಂಬರಿನ ಭಾರಿ ಮಳೆಗೆ ಕೋಲಾರದ ಕೆರೆಗಳು ಕೋಡಿ ಬಿದ್ದದ್ದು ನಿಮಗೂ ನೆನಪಿರಬಹುದು. ಪಂಜಾಬಿನಲ್ಲಿ ಖಾಲಿ ಮಾಡಿದ್ದನ್ನು ತುಂಬಲು ತಲೆಮಾರುಗಳು ಬೇಕು. ನಮ್ಮಲ್ಲಿ ಕೆಲವು ಒಳ್ಳೇ ಮಳೆಗಾಲ ಸಾಕು. ಆದರೆ ತುಂಬಿದ ಮೇಲೆ ಏನು ಮಾಡುತ್ತೇವೆ ಅನ್ನುವುದೇ ಪ್ರಶ್ನೆ.

ಏನು ಮಾಡುತ್ತೇವೆ ಅಂದರೆ, ಇನ್ನೊಂದು ಎಕರೆ ಬೆಳೆ ಇಡುತ್ತೇವೆ. ಹನಿ ನೀರಾವರಿಯ ಕಥೆಯೂ ಇದೇ. ಇದನ್ನು ಹೇಳಿದರೆ ಬಹಳ ಜನಕ್ಕೆ ಬೇಜಾರಾಗುತ್ತದೆ. ಹನಿ ಪೈಪು ಒಳ್ಳೆಯದೇ. ಇಳುವರಿ ಹೆಚ್ಚುತ್ತದೆ, ಕಳೆ ಕಮ್ಮಿ, ಗೊಬ್ಬರ ಬೇರಿಗೇ ಹೋಗುತ್ತದೆ. ಆದರೆ ನೀರು ಉಳಿಯುತ್ತದೆಯೇ? ಹಿಂದೆ ಕಾಲುವೆಯಲ್ಲಿ ನೀರು ಹಾಯಿಸಿದಾಗ ‘ಪೋಲಾಗಿದ್ದ’ ನೀರಲ್ಲಿ ಒಂದು ಪಾಲು ಮತ್ತೆ ನೆಲಕ್ಕೇ ಇಂಗುತ್ತಿತ್ತು. ಈಗ ಅದು ಇಂಗುವುದಿಲ್ಲ. ಉಳಿದ ನೀರಲ್ಲಿ ಪಕ್ಕದ ಎಕರೆಗೂ ಪೈಪು ಎಳೆಯುತ್ತಾರೆ. ಒಟ್ಟಿನಲ್ಲಿ ಗಾಳಿಗೆ ಹೋಗುವ ನೀರು ಜಾಸ್ತಿಯಾಗುತ್ತದೆ. ಸ್ಪೇನ್, ಮೊರಾಕೊದಂಥ ದೇಶಗಳಲ್ಲೂ ಇದನ್ನೇ ಕಂಡಿದ್ದಾರೆ. ಬೆಳೆಯ ವಿಸ್ತೀರ್ಣಕ್ಕೆ ಮಿತಿ ಇಲ್ಲದಿದ್ದರೆ ಹನಿ ನೀರಾವರಿ ರೈತನ ಆದಾಯ ಹೆಚ್ಚಿಸುತ್ತದೆ, ನೆಲದ ನೀರನ್ನು ಉಳಿಸುವುದಿಲ್ಲ. ಪ್ಲಾಸ್ಟಿಕ್ ಹಾಸಿದ ಕೃಷಿಹೊಂಡದ್ದೂ ಅದೇ ಪಾಡು. ಮಳೆನೀರು ಹಿಡಿದರೆ ಚಿನ್ನ. ಬೋರಿನ ನೀರು ತುಂಬಿಸಿಟ್ಟರೆ ಬಿಸಿಲಿಗೆ ಆವಿ ಮಾಡುವ ತೊಟ್ಟಿ.

ರೈತ ಯಾಕೆ ಮಿತಿ ಹಾಕಿಕೊಳ್ಳಬೇಕು ಹೇಳಿ? ನಮ್ಮ ರಾಜ್ಯದಲ್ಲಿ 10 ಎಚ್‌ಪಿ ತನಕದ ಪಂಪ್‌ಸೆಟ್ಟಿಗೆ ಕರೆಂಟು ಉಚಿತ. ಅವನು ಇವತ್ತು ಪಂಪು ನಿಲ್ಲಿಸಿದರೆ ಉಳಿದ ನೀರನ್ನು ಪಕ್ಕದ ಹೊಲದವನು ಎತ್ತುತ್ತಾನೆ. ಬಂಡೆಗೆ ಬೇಲಿ ಇಲ್ಲ. ಒಬ್ಬನೇ ಉಳಿಸುವುದು ಅಂದರೆ ಪಕ್ಕದವನಿಗೆ ದಾನ ಮಾಡಿದ ಹಾಗೆ. ಇದಕ್ಕೆ ಮದ್ದು ಎರಡೇ. ಸರ್ಕಾರ ಮೇಲಿನಿಂದ ಕಟ್ಟು ಹಾಕಬೇಕು, ಇಲ್ಲವೇ ಊರವರೇ ಕೂತು ಒಪ್ಪಂದ ಮಾಡಿಕೊಳ್ಳಬೇಕು.

ಮೇಲಿನ ಕಟ್ಟು ಎಷ್ಟು ಸಿಕ್ಕು ಅನ್ನುವುದಕ್ಕೆ ಪಂಜಾಬ್ ನೋಡಿ. ಅಲ್ಲಿ 1997ರಲ್ಲಿ ರೈತರಿಗೆ ಕರೆಂಟು ಉಚಿತವಾಯಿತು. ಸರ್ಕಾರ ಬೆಂಬಲ ಬೆಲೆಗೆ ಭತ್ತ ಕೊಳ್ಳುತ್ತದೆ. ರೊಟ್ಟಿ ತಿನ್ನುವ ಸೀಮೆಯಲ್ಲಿ ಕಣ್ಣು ಹಾಯಿಸಿದಷ್ಟೂ ಭತ್ತ. ಮಳೆ ವರ್ಷಕ್ಕೆ ಇಳಿಸುವುದಕ್ಕಿಂತ ಒಂದೂವರೆ ಪಟ್ಟು ನೀರು ಎತ್ತುತ್ತಾರೆ. ಮೇ ತಿಂಗಳ ಉರಿಬಿಸಿಲಲ್ಲಿ ನಾಟಿ ಮಾಡಿ ಗದ್ದೆಯಲ್ಲಿ ನೀರು ನಿಲ್ಲಿಸಿದರೆ ಸುಮ್ನೆ ಆವಿಯಾಗುತ್ತದೆ, ಅಲ್ವಾ? ಅದಕ್ಕೆ 2009ರಲ್ಲಿ ಕಾನೂನು ತಂದರು. ಆಗ ಜೂನ್ 10ಕ್ಕೆ ಮುಂಚೆ ಯಾರೂ ನಾಟಿ ಮಾಡುವಂತಿರಲಿಲ್ಲ. ನೀರಿನ ಲೆಕ್ಕದಲ್ಲಿ ಇದು ಸರಿಯಾದ ಕಾನೂನೇ. ಆದರೆ ನಾಟಿ ತಡವಾದರೆ ಕಟಾವೂ ತಡ. ಭತ್ತ ಕೊಯ್ಯುವುದಕ್ಕೂ ಗೋಧಿ ಬಿತ್ತುವುದಕ್ಕೂ ನಡುವೆ ಸಿಗುವುದು ಎರಡು, ಮೂರು ವಾರ. ಕೂಳೆ ಕಿತ್ತು ಹದ ಮಾಡುವಷ್ಟು ಹೊತ್ತಿಲ್ಲ. ಬೆಂಕಿ ಹಚ್ಚುತ್ತಾರೆ. ಮೊದಲೂ ಹಚ್ಚುತ್ತಿದ್ದರು. ಈಗ ಹಚ್ಚುವುದು ಅಕ್ಟೋಬರ್ ಕೊನೆ, ನವೆಂಬರಿನಲ್ಲಿ. ಆಗ ಗಾಳಿ ಬೀಸುವುದೇ ಕಮ್ಮಿ. ಹೊಗೆ ದೆಹಲಿಯ ಮೇಲೆ ಕೂರುತ್ತದೆ. ದೆಹಲಿಯ ಹೊಗೆಗೆ ಇದೊಂದೇ ಕಾರಣ ಅಲ್ಲ. ಆದರೆ ನೀರು ಉಳಿಸಲು ತಂದ ಕಾನೂನಿನ ಬಾಲ ಅಲ್ಲಿಗೆ ಹೋಗಿ ಮುಟ್ಟಿತು. ಭತ್ತವನ್ನೇ ಮುಟ್ಟದೆ ತಾರೀಕನ್ನು ಮಾತ್ರ ತಳ್ಳಿದರೆ ಹೀಗೇ ಆಗುತ್ತದೆ.

ಎರಡನೇ ದಾರಿಗೆ ಮಹಾರಾಷ್ಟ್ರದ ಹಿವರೆ ಬಜಾರ್. ಅಹಮದ್‌ನಗರ ಜಿಲ್ಲೆ, ಈಗ ಅಹಿಲ್ಯಾನಗರ ಅಂತಾರೆ. ಮಳೆ ಕೋಲಾರಕ್ಕಿಂತ ಕಮ್ಮಿ. 1989ರಲ್ಲಿ ಪೋಪಟರಾವ್ ಪವಾರ್ ಸರಪಂಚರಾದ ಮೇಲೆ ಗುಡ್ಡದ ಮೇಲೆ ಅಡ್ಡಗಟ್ಟೆ, ಗಿಡ, ಇಂಗುಗುಂಡಿ ಎಲ್ಲ ಮಾಡಿದರು. ಇಂಥವನ್ನು ನೂರಾರು ಊರುಗಳಲ್ಲಿ ಮಾಡಿದ್ದಾರೆ. ಹಿವರೆ ಬಜಾರ್ ಉಳಿದದ್ದು ಇನ್ನೊಂದು ಕೆಲಸದಿಂದ. ಬೇಸಾಯಕ್ಕೆ ಬೋರ್ ಕೊರೆಯುವಂತಿಲ್ಲ, ತೆರೆದ ಬಾವಿ ಮಾತ್ರ. ಕಬ್ಬು, ಬಾಳೆ ಇಡುವಂತಿಲ್ಲ. ಪ್ರತಿವರ್ಷ ಮಳೆಗಾಲ ಮುಗಿದ ಮೇಲೆ ಊರಿನ ಸಭೆ ಸೇರುತ್ತದೆ. ಎಷ್ಟು ಮಳೆ ಬಂತು, ಬಾವಿಯಲ್ಲಿ ಎಷ್ಟಿದೆ ಅಂತ ನೋಡುತ್ತಾರೆ. ಕುಡಿಯಲು, ದನಕರುಗಳಿಗೆ ಮೊದಲು ತೆಗೆದಿಟ್ಟು, ಉಳಿದದ್ದರಲ್ಲಿ ಯಾವ ಬೆಳೆ ಎಂದು ತೀರ್ಮಾನ ಮಾಡುತ್ತಾರೆ. ಮಳೆ ಕಮ್ಮಿಯಾದ ವರ್ಷ ಬೆಳೆಯೂ ಕಮ್ಮಿ. ನಮ್ಮ ಪಕ್ಕದ ಆಂಧ್ರದಲ್ಲೂ 2003ರ ನಂತರ ಬರಪೀಡಿತ ಜಿಲ್ಲೆಗಳ ನೂರಾರು ಊರುಗಳ ರೈತರು ತಾವೇ ಮಳೆ, ಬೋರಿನ ಮಟ್ಟ ಅಳೆದು ಬರೆದಿಟ್ಟು, ಹಿಂಗಾರಿಗೆ ಮುಂಚೆ ಊರೊಟ್ಟಿಗೆ ಲೆಕ್ಕ ಹಾಕಿದರು. ಕಾನೂನಿನ ಹಂಗಿಲ್ಲದೆ, ಅಂಕಿ ಕಣ್ಣೆದುರು ಬಂದಾಗ ಬಹಳ ಜನ ಭತ್ತ ಬಿಟ್ಟು ಕಮ್ಮಿ ನೀರಿನ ಬೆಳೆಗೆ ಹೊರಳಿದರು. ಕರ್ನಾಟಕವೂ ಸೇರಿ ಏಳು ರಾಜ್ಯಗಳಿಗೆ ಬಂದ ಅಟಲ್ ಭೂಜಲ ಯೋಜನೆಯಲ್ಲೂ ಪಂಚಾಯಿತಿಗೊಂದು ನೀರಿನ ಬಜೆಟ್ ಬರೆಯಬೇಕು ಅಂತ ಇಟ್ಟಿದ್ದಾರೆ. ಬಜೆಟ್ ಫೈಲಿನಲ್ಲಿ ಕೂತಿದೆಯೋ ಊರ ಕಟ್ಟೆಗೆ ಬಂದಿದೆಯೋ ಅನ್ನುವುದರ ಮೇಲೆ ಅದರ ಬೆಲೆ.

ಈಗ ನಿಮ್ಮ ಬಕೆಟ್. ಮೊದಲು ಹೇಳಿದ ತಮಾಷೆ ಇದು. ಬೆಂಗಳೂರಿನ ಕೋರಮಂಗಲ, ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಶುದ್ಧೀಕರಿಸಿ ಕೋಲಾರದ ಕೆರೆಗಳಿಗೆ ಪಂಪ್ ಮಾಡುವ ಯೋಜನೆ 2018ರಲ್ಲಿ ಶುರುವಾಯಿತು. ಕೆಸಿ ವ್ಯಾಲಿ ಅಂತ ನಿಮ್ಮೂರಲ್ಲಿ ಎಲ್ಲರಿಗೂ ಗೊತ್ತು. ದಿನಕ್ಕೆ 44 ಕೋಟಿ ಲೀಟರ್ ಕಳಿಸುವುದು ಗುರಿ. ನಿಮ್ಮ ಮನೆ ಆ ಕಣಿವೆಯ ಕಡೆ ಇದ್ದರೆ, ನೀವು ಮಿಂದ ನೀರು ನಿಜಕ್ಕೂ ಕೋಲಾರದ ಕೆರೆಗೆ ಹೋಗಿರಬಹುದು. ಕಾವೇರಿಯಿಂದ ಬಂದು, ನಿಮ್ಮ ಬಚ್ಚಲು ದಾಟಿ, ನಿಮ್ಮೂರಿಗೆ! ಕೆರೆ ತುಂಬಿದ ಕಡೆ ಸುತ್ತಲಿನ ಬೋರುಗಳಲ್ಲಿ ನೀರಿನ ಮಟ್ಟ ಏರಿದೆ. ಆದರೆ ಎಲ್ಲ ಸರಿ ಇದೆ ಅಂತ ನಾನು ಹೇಳಲಾರೆ. ಶುರುವಿನಲ್ಲೇ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಎದ್ದು, ವಿಷಯ ಹೈಕೋರ್ಟು, ಸುಪ್ರೀಂ ಕೋರ್ಟಿನ ತನಕ ಹೋಗಿತ್ತು. ಈಗ ಕಳಿಸುತ್ತಿರುವುದು ಎರಡು ಹಂತ ಶುದ್ಧಿಯಾದ ನೀರು. ಮೂರನೇ ಹಂತವೂ ಬೇಕು ಅನ್ನುವ ಕೋಲಾರದವರ ಹಟ ನ್ಯಾಯವಾದದ್ದು. ನೆಲಕ್ಕೆ ಇಂಗಿ ಕುಡಿಯುವ ಬೋರಿಗೆ ಸೇರುವ ನೀರದು. ನಮೀಬಿಯಾದ ವಿಂಡ್‌ಹುಕ್ ನಗರ 1968ರಿಂದಲೇ ಕೊಳಚೆ ನೀರನ್ನು ಶುದ್ಧ ಮಾಡಿ ನೇರವಾಗಿ ಕುಡಿಯಲು ಕೊಡುತ್ತಿದೆ. ಇಸ್ರೇಲ್ ತನ್ನ ಕೊಳಚೆಯಲ್ಲಿ ಶೇ 90ರ ಹತ್ತಿರ ಬೇಸಾಯಕ್ಕೆ ಬಳಸುತ್ತದೆ. ವಿದ್ಯೆ ಹೊಸದಲ್ಲ. ಖರ್ಚು ಮಾಡುವ ಮನಸ್ಸು ಬೇಕು, ದಿನಾ ಪರೀಕ್ಷೆ ಮಾಡಿ ಫಲಿತಾಂಶವನ್ನು ಊರವರ ಮುಂದೆ ಇಡುವ ಧೈರ್ಯ ಬೇಕು.

ಹಾಗಂತ ಲಿಫ್ಟಿನ ಪಕ್ಕದ ಬೋರ್ಡ್ ಕಿತ್ತುಹಾಕಬೇಡಿ. ಬರೆದ ಕಾರಣ ಸರಿಯಿಲ್ಲ, ಕೆಲಸ ಸರಿಯಿದೆ. ನಿಮ್ಮ ನಲ್ಲಿಗೆ ಕಾವೇರಿ ಬರುವುದು ಸುಮಾರು ನೂರು ಕಿಲೋಮೀಟರ್ ದೂರದಿಂದ, ಸುಮಾರು 500 ಮೀಟರ್ ಎತ್ತರ ಹತ್ತಿ. ಸಾವಿರ ಲೀಟರನ್ನು ಅಷ್ಟು ಮೇಲೆತ್ತಲು ಪಂಪಿನ ನಷ್ಟವೂ ಸೇರಿ ಹತ್ತಿರ ಹತ್ತಿರ ಎರಡು ಯೂನಿಟ್ ಕರೆಂಟು ಬೇಕು. ಸಮುದ್ರದ ನೀರನ್ನು ಸಿಹಿ ಮಾಡಲು ಮೂರು, ನಾಲ್ಕು ಯೂನಿಟ್. ಅಂದರೆ ಬೆಂಗಳೂರಿನವರು ಸಮುದ್ರ ಸೋಸುವ ಖರ್ಚಿನ ಅರ್ಧವನ್ನು ಆಗಲೇ ಕೊಡುತ್ತಿದ್ದೇವೆ. ಎರಡನೇದು ಬೇಸಿಗೆಯ ವಿಚಾರ. ನಗರದ ನೀರಿನ ಕಷ್ಟ ಬರುವುದು ವರ್ಷದ ಒಟ್ಟು ಲೆಕ್ಕದಲ್ಲಿ ಅಲ್ಲ, ಕೊನೆಯ ಎರಡು ತಿಂಗಳಲ್ಲಿ. 2024ರ ಮಾರ್ಚಿನಲ್ಲಿ ಬೋರುಗಳು ಬತ್ತಿ, ಟ್ಯಾಂಕರಿಗೆ ಕಾದದ್ದು, ಕಾವೇರಿ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂದದ್ದು ಮರೆತಿಲ್ಲ ತಾನೇ? ಆ ಎರಡು ತಿಂಗಳು ದಾಟಿಸುವುದು ನಗರದವರ ಉಳಿತಾಯವೇ.

ದಕ್ಷಿಣ ಆಫ್ರಿಕಾದ ಕೇಪ್‌ಟೌನ್ ಇದನ್ನು ಮಾಡಿ ತೋರಿಸಿತು. ಮೂರು ವರ್ಷ ಸತತ ಬರ ಬಂದು 2018ರಲ್ಲಿ ಮನೆಮನೆಯ ನಲ್ಲಿ ಬಂದ್ ಮಾಡುವ ದಿನವನ್ನೇ ಗುರುತು ಹಾಕಿದ್ದರು. ಫೆಬ್ರುವರಿಯಿಂದ ಒಬ್ಬರಿಗೆ ದಿನಕ್ಕೆ 50 ಲೀಟರ್ ಅಂತ ಮಿತಿ ಹಾಕಿದರು. ಜಾಸ್ತಿ ಬಳಸಿದವರಿಗೆ ಬಿಲ್ಲು ಏರುತ್ತಾ ಹೋಯಿತು. ಬರಕ್ಕೆ ಮುಂಚೆ ಬಳಸುತ್ತಿದ್ದುದರ ಅರ್ಧಕ್ಕಿಂತ ಕೆಳಗೆ ನಗರ ಇಳಿಯಿತು. ಮೇಲುಗಡೆಯ ಹಣ್ಣಿನ ತೋಟದ ರೈತರ ಒಂದು ಸಂಘ ತನ್ನ ಅಣೆಕಟ್ಟಿನಿಂದ 1,000 ಕೋಟಿ ಲೀಟರ್ ಬಿಟ್ಟುಕೊಟ್ಟಿತು. ಅಷ್ಟರಲ್ಲಿ ಮಳೆ ಬಂತು. ನಲ್ಲಿ ಬಂದ್ ಆಗುವ ದಿನ ಬರಲೇ ಇಲ್ಲ.

ನೀವು ಮಾಡಬಹುದಾದ ದೊಡ್ಡ ಕೆಲಸ ಬಕೆಟಿನದ್ದಲ್ಲ. ನಿಮ್ಮ ಅಪಾರ್ಟ್‌ಮೆಂಟಿನ ಮುಂದಿನ ಸಭೆಯಲ್ಲಿ ಮೂರು ಪ್ರಶ್ನೆ ಕೇಳಿ. ಮನೆಮನೆಗೆ ಮೀಟರ್ ಇದೆಯಾ? ಎಲ್ಲರಿಗೂ ಸಮ ಬಿಲ್ಲು ಹಾಕುವ ಕಡೆ ಯಾರೂ ಉಳಿಸುವುದಿಲ್ಲ. ಕೊಳಚೆ ಶುದ್ಧ ಮಾಡುವ ಘಟಕ ನಿಜವಾಗಿ ಓಡುತ್ತಿದೆಯಾ, ಇಲ್ಲ ಇನ್‌ಸ್ಪೆಕ್ಷನ್ ದಿನ ಮಾತ್ರವಾ? ಛಾವಣಿಯ ಮಳೆ ಎಲ್ಲಿಗೆ ಹೋಗುತ್ತಿದೆ? ಬೆಂಗಳೂರಿನಲ್ಲಿ ಒಂದು ಮೂವತ್ತು ನಲವತ್ತರ ಸೈಟಿನಷ್ಟು ಛಾವಣಿಗೆ ವರ್ಷಕ್ಕೆ 80,000 ಲೀಟರಿಗೂ ಹೆಚ್ಚು ಮಳೆನೀರು ಸಿಗುತ್ತದೆ. ‘ಒಂದು ಕಪ್ ಕಾಫಿಗೆ 140 ಲೀಟರ್ ನೀರು’ ಅಂತ ಯಾರಾದರೂ ಹೆದರಿಸಿದರೆ ಮಾತ್ರ ತಲೆ ಕೆಡಿಸಿಕೊಳ್ಳಬೇಡಿ. ಅದರಲ್ಲಿ ಬಹುಪಾಲು ತೋಟದ ಮೇಲೆ ಸುರಿದ ಮಳೆ. ಕೊಡಗಿನಲ್ಲಿ ಸುರಿದ ಮಳೆ ಕುಡಿದ ಗಿಡಕ್ಕೂ, 1,300 ಅಡಿಯಿಂದ ಎತ್ತಿ ಬೆಳೆದ ತರಕಾರಿಗೂ ಒಂದೇ ತಕ್ಕಡಿ ಹಿಡಿಯಬಾರದು.

ಇನ್ನು ಅಣ್ಣನ ವಿಷಯ. ನನ್ನ ಮಾತು ಕೇಳುವುದಾದರೆ ಹೊಸ ಬೋರು ಈ ವರ್ಷ ಬೇಡ ಅನ್ನಿ. ಆ ದುಡ್ಡಲ್ಲಿ ಬಡ್ಡಿಯೇ ಹುಟ್ಟುತ್ತದೆ, ನೀರು ಹುಟ್ಟುವ ಭರವಸೆ ಇಲ್ಲ. ಕೊರೆಯಲೇಬೇಕು ಅಂದರೂ ಕೋಲಾರ ಅಧಿಸೂಚಿತ ಪ್ರದೇಶ, 2011ರ ಅಂತರ್ಜಲ ಕಾಯ್ದೆಯ ಪ್ರಕಾರ ಅನುಮತಿ ಪಡೆಯಬೇಕು. ಬೇಸಿಗೆ ಟೊಮೆಟೊ ಒಂದನ್ನು ಬಿಟ್ಟು, ಮುಂಗಾರಿಗೆ ಇಡುವ ಬೆಳೆಗೆ ಇರುವ ನೀರನ್ನು ಆಸರೆ ಮಾಡಿಕೊಳ್ಳಲಿ. ಮಳೆಯ ನಡುವೆ ಬಿಡುವು ಬಿದ್ದಾಗ ಕೊಡುವ ಎರಡು ಸಲದ ನೀರು ಬೇಸಿಗೆಯ ಇಡೀ ಬೆಳೆಗಿಂತ ಲಾಭ ತರಬಹುದು. ಹಳೇ ತೆರೆದ ಬಾವಿ ಇದ್ದರೆ ಕಸ ತುಂಬಬೇಡಿ. ಹೂಳೆತ್ತಿ, ಹೊಲದ ಮಳೆನೀರನ್ನು ಜಲ್ಲಿ, ಮರಳಿನ ತೊಟ್ಟಿಯಲ್ಲಿ ಸೋಸಿ ಬಿಡಿ. ನಮ್ಮ ನೆಲಕ್ಕೆ ನೀರು ಇಳಿಸುವುದಕ್ಕೆ ಅದಕ್ಕಿಂತ ಒಳ್ಳೇ ಜಾಗ ಇಲ್ಲ. ಬತ್ತಿದ ಬೋರಿನ ಸುತ್ತ ಇಂಗುಗುಂಡಿ ಮಾಡುವುದೂ ಸರಿ. ಆದರೆ ಔಷಧಿ ಹೊಡೆದ ಹೊಲದ ನೀರನ್ನು ಸೋಸದೆ ನೇರ ಪೈಪಿಗೆ ಬಿಡಬಾರದು. ಅದು ನಾಳೆ ಊರಿನ ಕುಡಿಯುವ ನೀರಿಗೇ ಸೇರುತ್ತದೆ. ಮನೆಯಲ್ಲಿ ಬೋರಿನ ನೀರು ಕುಡಿಯುತ್ತಿದ್ದರೆ ಒಮ್ಮೆ ಫ್ಲೋರೈಡ್ ಪರೀಕ್ಷೆ ಮಾಡಿಸಿ. ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಮಕ್ಕಳಿಗೆ ಕೊಡಬೇಡಿ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ಇನ್ನೂ ಗಟ್ಟಿಯಾಗುತ್ತದೆ. ಹೋದ ವರ್ಷ ನಿಂತ ಆ ಬೋರಿನ ಬಾಯಿಗೆ ಇವತ್ತೇ ಕಬ್ಬಿಣದ ಮುಚ್ಚಳ ಹಾಕಿಸಿ. ಕಲ್ಲು, ಗೋಣಿಚೀಲ ಇಟ್ಟರೆ ಸಾಲದು, ಬೋಲ್ಟ್ ಬಿಗಿಯುವ ಮುಚ್ಚಳವೇ ಬೇಕು.